ಎರಡು ಟ್ರಾಲಿ ಕೆಂಪು ಹಿಪ್ಪೆ

ಹುಳಿ ಅಳೆಯುವ ಗಾಜಿನ ನಳಿಗೆಯಿಂದ ಹನಿ ಬೀಳುತ್ತಿತ್ತು; ಯಾವ ಹನಿಗೆ ಕೆಳಗಿನ ದ್ರವ ಬಣ್ಣ ತಿರುಗಿತು ಎಂಬುದನ್ನು ವೃಷಾಲಿ ಖೈರನಾರ್ ಆ ಬೆಳಿಗ್ಗೆ ಮೂರನೆಯ ಸಲ ತಪ್ಪಿಸಿಕೊಂಡಳು. ಹನ್ನೆರಡು ವರ್ಷದಿಂದ ಮಾಡುತ್ತಿರುವ ಕೆಲಸ, ನಿದ್ದೆಯಿಂದ ಎಬ್ಬಿಸಿ ಕೂರಿಸಿದರೂ ಮಾಡಿಯಾಳು. ಹಾಳಾದ್ದು, ಇವತ್ತು ಕಣ್ಣು ಹನಿಯ ಮೇಲಿದ್ದರೂ ಮನಸ್ಸು ಮೇಜಿನ ಮೂಲೆಯ ಪುಸ್ತಕದ ಮೇಲಿತ್ತು. ನುಣುಪು ಕಾಗದದ ನಲವತ್ತು ಪುಟ, ಕಂಪನಿಯ ಈ ವರ್ಷದ ಹೊಣೆಗಾರಿಕೆಯ ವರದಿ. ಊರಿಗೆ ಏನು ಕೊಟ್ಟೆವು, ನೆಲಕ್ಕೆ ಏನು ಕೊಟ್ಟೆವು, ನೀರು ಎಷ್ಟು ಉಳಿಸಿದೆವು ಎಂದು ವೈನ್ ಕೊಳ್ಳುವ ಹಾಲೆಂಡಿನವರಿಗೆ ವರ್ಷವರ್ಷವೂ ಒಪ್ಪಿಸಬೇಕು. ದೊಡ್ಡ ಕಂಪನಿಗಳಲ್ಲಿ ಇದಕ್ಕೆಂದೇ ಒಂದು ವಿಭಾಗ ಇರುತ್ತದಂತೆ. ಇಲ್ಲಿರುವುದು ಒಟ್ಟು ಮೂವತ್ತೆಂಟು ಜನ. ಮಾಲೀಕರಾದ ಉದಯ್ ಸಾಹೇಬರು ನಾಲ್ಕು ವರ್ಷದ ಹಿಂದೆ ಚಹಾ ಕುಡಿಯುತ್ತಾ, "ವೃಷಾಲಿ, ನೀನು ಚೆನ್ನಾಗಿ ಬರೀತೀಯ, ಇದನ್ನೂ ನೀನೇ ನೋಡ್ಕೊಂಡುಬಿಡು" ಎಂದಿದ್ದರು. ಅಂದಿನಿಂದ ಪೀಪಾಯಿ ತೊಳೆಯುವವರು ಅವಳಿಗೆ ಜವಾಬ್ದಾರಿಬಾಯಿ ಎಂದು ಹೆಸರಿಟ್ಟಿದ್ದಾರೆ. "ಜವಾಬ್ದಾರಿಬಾಯಿ ಬಂದ್ಳು, ನಳ ಬಂದ್ ಮಾಡ್ರೋ!" ಬೆನ್ನ ಹಿಂದೆಯೇ ಅನ್ನುತ್ತಾರೆ, ಆದರೆ ಅವಳಿಗೆ ಕೇಳುವಷ್ಟು ಗಟ್ಟಿಯಾಗಿ.

ಹನ್ನೊಂದಕ್ಕೆ ಗೇಟಿನಿಂದ ಫೋನು ಬಂತು. "ಮ್ಯಾಡಮ್, ಆಂಬೇವಾಡಿ ಪುಂಜಾ ಬಾಬಾ ಬಂದಾರ್ರಿ. ಒಳಗ ಬರ್ರಿ ಅಂದ್ರ ಒಲ್ಲೆ ಅಂತಾರ. ಬಿಸಲಾಗ ನಿಂತಾರ ನೋಡ್ರಿ ಪಾಪ." ಎರಡು ದಿನದಿಂದ ಅವಳು ಕಾಯುತ್ತಿದ್ದದ್ದು ಇದನ್ನೇ, ಬಾರದಿರಲಪ್ಪಾ ಎಂದು ಬೇಡಿಕೊಂಡದ್ದೂ ಇದನ್ನೇ. ಬಿಳಿಯ ಮೇಲಂಗಿ ಬಿಚ್ಚಿಟ್ಟು ಹೊರಟವಳು, ಬಾಗಿಲಲ್ಲಿ ನಿಂತು, ಮತ್ತೆ ಬಂದು ಹಾಕಿಕೊಂಡಳು. ಅದನ್ನು ಹಾಕಿಕೊಂಡರೆ ತಾನು ಯಾರೋ ಒಬ್ಬಳು ಅನ್ನಿಸುತ್ತದೆ. ಕೊರಳಲ್ಲಿ ತುಳಸಿಮಾಲೆ ಇರುವವರು ಈ ಗೇಟು ದಾಟುವುದಿಲ್ಲ. ಹಾಗೆಂದು ಯಾರೂ ಬರೆದು ಹಾಕಿಲ್ಲ, ಯಾರೂ ತಡೆದೂ ಇಲ್ಲ. ಹೆಂಡ ಮಾಂಸ ಮುಟ್ಟದವರು, ವರ್ಷಕ್ಕೊಮ್ಮೆ ಪಂಢರಪುರಕ್ಕೆ ನಡೆದು ಹೋಗುವವರು ಅವರು. ವೈನು ಬೇರೆ, ದಾರು ಬೇರೆ ಎಂದು ಸಾಹೇಬರು ಎಷ್ಟು ಸಭೆಗಳಲ್ಲಿ ಭಾಷಣ ಬಿಗಿದರೂ ಆಂಬೇವಾಡಿಯವರು "ಹೌದ್ರಿ ಹೌದ್ರಿ" ಎಂದು ತಲೆಯಾಡಿಸಿ, ಹೊರಗೆ ಬಂದು ದಾರು ಎಂದೇ ಅನ್ನುತ್ತಾರೆ. ವೃಷಾಲಿಯ ತಾಯಿಯೂ ಅಷ್ಟೇ. ಚಾಂದವಡದಲ್ಲಿ ಕೂತು, ಗಂಡಿನ ಕಡೆಯವರು ಫೋನು ಮಾಡಿದಾಗಲೆಲ್ಲ ಮಗಳು ದ್ರಾಕ್ಷಿರಸದ ಕಾರ್ಖಾನೆಯಲ್ಲಿದ್ದಾಳೆ ಎಂದು ಹೇಳುತ್ತಾಳೆ. ಮಗಳಿಗೆ ಮೂವತ್ತಾರು ತುಂಬಿತು, ಕಾರ್ಖಾನೆಯಲ್ಲಿ ಇನ್ನೂ ರಸವೇ ತಯಾರಾಗುತ್ತಿದೆ.

ಬಾಬಾ ಗೇಟಿನ ಹೊರಗಿನ ಜಾಹೀರಾತು ಫಲಕದ ಪಕ್ಕದಲ್ಲೇ ನಿಂತಿದ್ದ. ಇಡೀ ರಸ್ತೆಯಲ್ಲಿ ಅವನಿಗೆ ನಿಲ್ಲಲು ಬೇರೆ ಜಾಗ ಸಿಗಲಿಲ್ಲವೇ! ಫಲಕದಲ್ಲಿ ಅವನದೇ ಎರಡು ಖಿಲ್ಲಾರಿ ಎತ್ತು, ಸೋನ್ಯಾ ಮತ್ತು ಪಾಂಡ್ಯಾ, ಮುಂದಿನ ಬುಟ್ಟಿಯಲ್ಲಿ ದ್ರಾಕ್ಷಿ ಹಿಪ್ಪೆ, ಅಂಚಿನಲ್ಲಿ ಬುಟ್ಟಿ ಹಿಡಿದ ಬಾಬಾನ ಕೈ. ಕೆಳಗೆ ದಪ್ಪ ಅಕ್ಷರದಲ್ಲಿ: ವೈನಿನಿಂದ ವೃಷಭದವರೆಗೆ. ಅದನ್ನು ಹೊಳೆಯಿಸಿಕೊಂಡವಳು ವೃಷಾಲಿಯೇ, ನಾಶಿಕದ ಬಸ್ಸಿನಲ್ಲಿ, ಕಂಬ ಹಿಡಿದು ನಿಂತುಕೊಂಡು. ಎರಡು ವಕಾರ ಕೂಡಿಬಂದದ್ದಕ್ಕೆ ಎಷ್ಟು ಹಿಗ್ಗಿದ್ದಳೆಂದರೆ ಇಳಿಯುವ ಸ್ಟಾಪು ತಪ್ಪಿತ್ತು. "ನಿನ್ನ ಹೆಸರಿನದೂ ಸೇರಿ ಮೂರಾಯ್ತು ನೋಡು" ಎಂದು ಸಾಹೇಬರು ನಕ್ಕಿದ್ದರು. ಅವಳು ಹೇಳಬೇಕೆಂದಿದ್ದದ್ದು ಇಷ್ಟೇ: ನಾವು ಏನನ್ನೂ ಬಿಸಾಡುವುದಿಲ್ಲ, ಹಿಂಡಿ ಉಳಿದದ್ದೂ ದನದ ಮೇವಾಗುತ್ತದೆ. ಊರು ಓದಿದ್ದು: ಪುಂಜಾ ಬಾಬಾನ ಎತ್ತು ವೈನು ಕುಡಿದಿವೆ. ಯಾರೋ ಫೋನಿನಲ್ಲಿ ಫಲಕದ ಫೋಟೋ ಹಿಡಿದು ಊರಿಗೆಲ್ಲ ಕಳಿಸಿದರು. ಅದೂ ಯಾವಾಗ, ಈ ವರ್ಷ ಪಂಢರಪುರಕ್ಕೆ ನಡೆದು ಹೋಗುವ ದಿಂಡಿಯಲ್ಲಿ ಸಂತರ ಪಾದುಕೆಯ ಗಾಡಿ ಎಳೆಯುವ ಮಾನ ಯಾವ ಜೋಡಿಗೆ ಎಂದು ಗೊತ್ತುಮಾಡುವ ವಾರದಲ್ಲಿ.

"ಫಲಕ ಇವತ್ತ ತೆಗಸ್ತೀನಿ ಬಾಬಾ. ಈಗಿಂದೀಗ ತೆಗಸ್ತೀನಿ."

"ತೆಗದ್ರೇನ್ ಬಂತು ತಾಯಿ, ನೋಡೋರು ನೋಡಿದ್ರು." ಬಾಬಾ ನಕ್ಕ. ಸಿಟ್ಟು ಮಾಡಿದ್ದರೆ ಅವಳಿಗೆ ಹಗುರಾಗುತ್ತಿತ್ತು. "ಸಂಜೀ ಐದಕ್ಕ ಗುಡಿಯಾಗ ಕೂಡ್ತಾರ. ನೀ ಬಂದು ಒಂದ್ ಮಾತ ಹೇಳಿ ಹೋಗ. ನೀ ಏನ್ ಕಳಿಸಿದಿ, ಅದರಾಗ ಏನಿತ್ತು. ಅಷ್ಟಽ."

"ನೀವಽ ಹೇಳಿದ್ರ ಆಗಂಗಿಲ್ಲೇನ್ರಿ?"

"ನನ್ನ ಎತ್ತು, ನನ್ನ ಬಾಯಿ. ಯಾರ್ ನಂಬ್ತಾರ? ನೀ ಕಲತಾಕಿ." ರುಮಾಲಿನ ತುದಿಯಿಂದ ಕುತ್ತಿಗೆ ಒರೆಸಿಕೊಂಡ. "ನಾಲ್ಕ ವರ್ಷ ಆತು ಈ ಜೋಡಿ ಸಾಕಾಕತ್ತು. ಈ ಗಾಡೀ ಸಲುವಾಗಿನಽ ಸಾಕೀನಿ, ಒಂದಿನ ಬಾರಕೋಲ ಎತ್ತಿಲ್ಲ. ನಮ್ಮಪ್ಪಗ ಸಿಕ್ಕಿತ್ತು ಈ ಮಾನ, ಆಗ ನಾ ಗಾಡೀ ಹಿಂದ ನಡದಿದ್ದೆ. ಮತ್ತ ನಮ್ಮ ಮನೀ ಪಾಳಿ ಬಂದದ್ದು ಈಗ. ಇನ್ನೊಮ್ಮೆ ಬರೂದ್ರಾಗ ನಾ ಮಣ್ಣಾಗಿರ್ತೀನಿ."

"ಬರ್ತೀನಿ" ಎಂದಳು. ಬೇರೇನು ಅನ್ನಲು ಬಾಯಿ ಇತ್ತು ಅವಳಿಗೆ? ಬಾಬಾ ಕೈ ಮುಗಿದು ಬಿಸಿಲಿನಲ್ಲಿ ನಡೆದ. ಕೈ ಮುಗಿಯದೆ ಹೋಗಬಾರದಿತ್ತೇ ಎಂದು ಅವಳು ಅಲ್ಲೇ ನಿಂತು ಯೋಚಿಸಿದಳು.

ಏನು ಕಳಿಸಿದಿ, ಅದರಲ್ಲಿ ಏನಿತ್ತು. ಬಿಳಿ ದ್ರಾಕ್ಷಿಯನ್ನು ಮೊದಲು ಹಿಂಡಿ, ಆಮೇಲೆ ರಸವನ್ನಷ್ಟೇ ಹುದುಗಿಗೆ ಬಿಡುತ್ತಾರೆ. ಅದರ ಹಿಪ್ಪೆಯಲ್ಲಿ ಸಿಪ್ಪೆ, ಬೀಜ, ಒಂದಿಷ್ಟು ಸಿಹಿ, ಅಷ್ಟೇ, ಎಳೆಮಗು ತಿಂದರೂ ಆದೀತು. ಕೆಂಪು ಹಾಗಲ್ಲ. ಸಿಪ್ಪೆ ಸಮೇತ ಹುದುಗಿ, ಎಲ್ಲ ಮುಗಿದ ಮೇಲೆ ಹಿಂಡುವುದು. ಹಿಪ್ಪೆ ಹಿಡಿದರೆ ಕೈಗೆ ನಶೆಯ ವಾಸನೆ ಹತ್ತುತ್ತದೆ. ಬಿಳಿಯದು ಬಾಬಾನ ದನದ ಹಕ್ಕೆಗೆ, ಕೆಂಪು ಗೊಬ್ಬರದ ಗುಂಡಿಗೆ ಎಂದು ಕಟ್ಟಳೆ ಮಾಡಿದವಳೂ ಅವಳೇ. ಮಾರ್ಚಿ ಕೊನೆಗೆ ಗುಂಡಿ ತುಂಬಿತು. ಎರಡು ಟ್ರಾಲಿ ಕೆಂಪು ಹಿಪ್ಪೆ ಅಂಗಳದಲ್ಲಿ ನೊಣ ಮುತ್ತಿಸಿಕೊಂಡು ಬಿದ್ದಿತ್ತು. ಅದನ್ನು ಊರಾಚೆಯ ತಿಪ್ಪೆಗೆ ಹೊಡೆಸಿದ್ದರೆ ಆಕಾಶವೇನೂ ಬೀಳುತ್ತಿರಲಿಲ್ಲ. ಆದರೆ ಹಾಲೆಂಡಿನವರ ನಮೂನೆಯಲ್ಲಿ ಅಂಕಿ ತುಂಬುವ ಒಂದು ಮನೆ ಇತ್ತು, ಹಿಪ್ಪೆಯಲ್ಲಿ ನೂರಕ್ಕೆ ಎಷ್ಟು ಮರುಬಳಕೆ ಎಂದು, ಮತ್ತು ಅವಳ ಲೆಕ್ಕ ತೊಂಬತ್ತಾರಕ್ಕೆ ಬಂದು ನಿಂತಿತ್ತು. ತೊಂಬತ್ತಾರು ಸಾಲದೆಂದು ಯಾರೂ ಹೇಳಿರಲಿಲ್ಲ, ಹಿಂದಿನ ವರ್ಷ ತೊಂಬತ್ತೊಂದಕ್ಕೇ ಬೆನ್ನು ತಟ್ಟಿದ್ದರು. ಆದರೂ ಆ ಆರು ಎಂಬ ಅಂಕಿ ಅವಳನ್ನೇ ನೋಡುತ್ತಿತ್ತು. ಹತ್ತನೆಯ ತರಗತಿಯಲ್ಲಿ ಗಣಿತಕ್ಕೆ ತೊಂಬತ್ತೆಂಟು ತಂದಾಗ ಅಪ್ಪ, ಪೇಡೆ ತಿನ್ನುತ್ತಿದ್ದ ನೆಂಟರೆದುರು, "ಉಳಿದ ಎರಡು ಎಲ್ಲಿ ಮಾರಿ ಬಂದಿ?" ಎಂದು ಕೇಳಿದ್ದ. ತಮಾಷೆಗೆ. ಎಲ್ಲರೂ ನಕ್ಕಿದ್ದರು, ಅವಳೂ ನಕ್ಕಿದ್ದಳು, ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಿದ್ದಳು. ಟ್ರ್ಯಾಕ್ಟರಿನವನಿಗೆ ಫೋನು ಮಾಡಿ, ಅವೆರಡನ್ನೂ ಬಾಬಾನ ಹಕ್ಕೆಗೆ ಹಾಕಿ ಬಾ ಎಂದಳು. "ಕೆಂಪಿಂದ್ರಿ ಮ್ಯಾಡಮ್?" ಎಂದ ಅವನು. ಅವನಿಗೂ ಗೊತ್ತಿತ್ತು! "ಹಾಕು ಅಂದ್ನೆಲ್ಲ" ಎಂದು ಫೋನಿಟ್ಟು, ನಮೂನೆಯ ಆ ಮನೆಯಲ್ಲಿ ನೂರು ಎಂದು ತುಂಬಿದಳು. ಎರಡು ಸೊನ್ನೆ ಎಷ್ಟು ಚೆಂದ ಕೂತವು.

ಊಟದ ಹೊತ್ತಿಗೆ ಸಾಹೇಬರ ಕೋಣೆಗೆ ಹೋದಳು, ಹೇಳಿಬಿಡಬೇಕೆಂದೇ ಹೋದಳು. ಅವರು ಸೇಂಗಾ ಬಾಯಿಗೆ ಹಾಕಿಕೊಳ್ಳುತ್ತಾ ಫೋನು ನೋಡುತ್ತಿದ್ದರು. ಗೋಡೆಯ ಮೇಲೆ ಪುಣೆಯಲ್ಲಿ ಹಸಿರು ಪ್ರಶಸ್ತಿ ತೆಗೆದುಕೊಂಡಾಗಿನ ಚಿತ್ರ. ಆ ವರದಿಯ ಒಂದೊಂದು ಸಾಲೂ ಅವಳು ಬರೆದದ್ದು. ವೇದಿಕೆಗೆ ಅವಳನ್ನೂ ಕರೆದರು, ಕರೆದು, "ಇದನ್ನ ಸ್ವಲ್ಪ ಹಿಡ್ಕೋ" ಎಂದು ಸಾಹೇಬರು ತಮ್ಮ ಕೈಯ ಗ್ಲಾಸು ಕೊಟ್ಟರು. ಎರಡು ಕೈಯಲ್ಲಿ ಗ್ಲಾಸು ಹಿಡಿದು ನಿಂತವಳ ಮೊಣಕೈಯಷ್ಟೇ ಚಿತ್ರದಲ್ಲಿ ಬಂದಿದೆ. ಮೊಣಕೈ ತನ್ನದೆಂದು ಅವಳೊಬ್ಬಳಿಗೆ ಗೊತ್ತು.

"ಹೋಗಿ ಹೇಳಿ ಬಾ" ಎಂದರು ಸಾಹೇಬರು. "ನಿಜವನ್ನೇ ತಾನೆ ಹೇಳೋದು? ಬಿಳಿ ಹಿಪ್ಪೆಯಲ್ಲಿ ಏನಿರುತ್ತೆ, ಮಣ್ಣು. ಬೇಕಾದ್ರೆ ಪರೀಕ್ಷೆಯ ಕಾಗದವನ್ನೂ ತಗೊಂಡು ಹೋಗು."

"ಸರ್, ಅದು..."

"ಹಾಂ, ಮಹಾರಾಜರ ಜೊತೆ ಒಂದು ಫೋಟೋ ಸಿಕ್ಕಿದ್ರೆ ಬಿಡಬೇಡ. ಮುಂದಿನ ವರ್ಷದ ಪುಸ್ತಕಕ್ಕಾಗುತ್ತೆ."

ಅವಳು ಹೂಂ ಎಂದಳು. ಹೊರಗೆ ಬಂದು ಡಬ್ಬಿ ಬಿಚ್ಚಿ, ಭಾಕ್ರಿ ಮುರಿಯುತ್ತಾ ಲೆಕ್ಕ ಹಾಕಿದಳು. ನಿಜ ಹೇಳಿದರೆ ಏನಾಗುತ್ತದೆ, ಬೆರಳು ಮಡಿಸಿ ನೋಡೋಣ. ವರದಿ ಸುಳ್ಳೆಂದಾಗುತ್ತದೆ, ಕೊಳ್ಳುವವರು ಕೈ ಬಿಡುತ್ತಾರೆ, ತನ್ನನ್ನು ಮನೆಗೆ ಕಳಿಸುತ್ತಾರೆ. ಇರಲಿ, ಹಾಳಾಗಲಿ, ಅದೆಲ್ಲ ತನ್ನದು. ಆದರೆ ಬಾಬಾನ ಎತ್ತು ದಾರು ತಿಂದವು ಎಂದು ತಾನೇ ಒಪ್ಪಿಕೊಂಡಂತಾಗಲಿಲ್ಲವೇ? ಮುದುಕ ಕೇಳುತ್ತಿರುವುದು ಮಾನವನ್ನು. ಅದು ಸಿಗಬೇಕಾದರೆ ತಾನು ಒಂದು ಸುಳ್ಳು ಹೇಳಬೇಕು. ಇದು ಅವನಿಗಾಗಿ. ಹೀಗೆಂದುಕೊಂಡ ತಕ್ಷಣ ಮನಸ್ಸು ಎಷ್ಟು ನಿರಾಳವಾಯಿತೆಂದರೆ ಅವಳಿಗೇ ನಾಚಿಕೆಯಾಯಿತು. ನಾಲ್ಕೂವರೆಗೆ ಸ್ಕೂಟರು ತೆಗೆದಳು. ದಾರಿಯುದ್ದಕ್ಕೂ ಹಣ್ಣು ಕಿತ್ತು ಕತ್ತರಿಸಿದ ಬಳ್ಳಿಗಳು ಮತ್ತೆ ಚಿಗುರುತ್ತಿದ್ದವು. ಅವನಿಗಾಗಿ, ಅವನಿಗಾಗಿ ಎಂದು ಎಂಜಿನ್ನೂ ಅನ್ನುತ್ತಿರುವಂತೆ ಕೇಳಿಸಿತು.

ಗುಡಿಯ ಮುಂದಿನ ಬೇವಿನ ಕೆಳಗೆ ಮೂರು ಜೋಡಿ ಎತ್ತು ಕಟ್ಟಿದ್ದರು. ಬೇವಿನ ಬೊಡ್ಡೆಗೆ ಯಾರದೋ ಗುದ್ದಲಿ ಒರಗಿಸಿತ್ತು. ಒಳಗೆ ಕಲ್ಲುಹಾಸು ತಣ್ಣಗಿತ್ತು, ಮೂವತ್ತು ನಲವತ್ತು ಜನ, ಬಿಳಿ ಟೋಪಿ, ಒಂದು ಬದಿಗೆ ಹೆಂಗಸರು. ನಡುವೆ ದಗಡೂ ಮಹಾರಾಜರು ಕೊರಳಿಗೆ ವೀಣೆ ತೂಗಿಸಿಕೊಂಡು ನಿಂತಿದ್ದರು. ದಿಂಡಿಯ ಹಿರಿಯರು ಅವರು. ಆ ವೀಣೆ ನೆಲಕ್ಕೆ ತಾಗಿದ್ದನ್ನು ಊರಲ್ಲಿ ಯಾರೂ ಕಂಡಿಲ್ಲ. "ಬಾ ಮಾವುಲಿ" ಎಂದರು. ಇಲ್ಲಿ ಎಲ್ಲರೂ ಎಲ್ಲರಿಗೂ ತಾಯಿ ಎಂದೇ ಅನ್ನುವುದು, ಗೊತ್ತಿದ್ದರೂ ಅವಳ ಕಣ್ಣು ತುಂಬಿತು.

ಇನ್ನೊಂದು ಜೋಡಿಯ ಒಡೆಯ ಸಂಪತ ದವಂಗೆ ಕೂತಲ್ಲಿಂದಲೇ ಶುರುಮಾಡಿದ. "ಬೋರ್ಡಿನ ಮ್ಯಾಲ ನೀವಽ ಬರಸೀರಲ್ರಿ ಬಾಯಿ, ವೈನಿನಿಂದ ಅಂತ! ನಮ್ಮ ಗಾಡಿ ಪಂಢರಪುರ ಮುಟ್ಟಬೇಕೋ, ನಡುವ ಯಾವರ ದಾರೂ ಅಂಗಡೀ ಮುಂದ ನಿಂದರಬೇಕೋ?"

ಜನ ನಕ್ಕರು. ಮಹಾರಾಜರೂ ಮೀಸೆಯಡಿ ನಕ್ಕು, "ಏ ಸಂಪತ್ಯಾ, ನಿಂದು ಸಾಕು" ಎಂದರು. ವೃಷಾಲಿ ಕಾಗದ ತೆಗೆದು ಹೇಳತೊಡಗಿದಳು, ಬಿಳಿಯದನ್ನು ಹೇಗೆ ಹಿಂಡುತ್ತಾರೆ, ಯಾವಾಗ ಹುದುಗುತ್ತದೆ, ಯಾಕೆ ಹಿಪ್ಪೆಯಲ್ಲಿ ಏನೂ ಇರುವುದಿಲ್ಲ. ಚೆನ್ನಾಗಿಯೇ ಹೇಳಿದಳು. ಹೆಂಗಸರೂ ತಲೆಯಾಡಿಸಿದರು. ಅಷ್ಟಕ್ಕೇ ಮುಗಿದಿದ್ದರೆ ಅವಳು ಸುಳ್ಳು ಹೇಳಬೇಕಾಗಿಯೇ ಇರಲಿಲ್ಲ.

"ಅದು ಬಿಳೀದಾತು" ಎಂದರು ಮಹಾರಾಜರು. "ಕೆಂಪಿಂದು ಏನರ ಕಳಿಸಿದ್ದೇನವ್ವಾ? ವೀಣೇ ಮ್ಯಾಲ ಕೈ ಇಟ್ಟು ಹೇಳಿಬಿಡ, ಮುಗದಹೋಗಲಿ."

ಕಂಬದ ಪಕ್ಕ ಕೂತಿದ್ದ ಬಾಬಾ ಅವಳನ್ನು ನೋಡಿ ಸಣ್ಣಗೆ ತಲೆಯಾಡಿಸಿದ, ಹೇಳು ಹೇಳು ಎಂಬಂತೆ. ಬೇಡುತ್ತಿದ್ದಾನೆ ಎಂದುಕೊಂಡಳು ಅವಳು. ವೀಣೆಯ ಕಟ್ಟಿಗೆ ಬೆಚ್ಚಗಿತ್ತು. ಅಷ್ಟು ಜನರ ಕಣ್ಣು ತನ್ನ ಮೇಲೆ, ತನ್ನೊಬ್ಬಳ ಮೇಲೆ. ಥೂ, ಆ ಹೊತ್ತಿನಲ್ಲೂ ಅವಳಿಗೆ ಅದು ಹಿತವಾಗಿತ್ತು.

"ಇಲ್ರಿ. ಕೆಂಪಿಂದು ಒಂದು ಹಿಡೀನೂ ಕಳಿಸಿಲ್ಲ."

"ಪಾಂಡುರಂಗ, ಪಾಂಡುರಂಗ" ಎಂದರು ಮಹಾರಾಜರು. ಸಂಪತ ಮೊದಲಾಗಿ ಎದ್ದು ಬಂದು ಅವಳ ಪಾದ ಮುಟ್ಟಿದ. ಅವರ ಪದ್ಧತಿ ಅದು, ವಯಸ್ಸು ನೋಡುವುದಿಲ್ಲ, ಒಬ್ಬರ ಪಾದ ಒಬ್ಬರು ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು. ಒಬ್ಬರಾದ ಮೇಲೊಬ್ಬರು ಬಂದರು, ಅವಳ ತಾಯಿಯ ವಯಸ್ಸಿನ ಹೆಂಗಸರೂ ಬಂದರು. ಅವಳೂ ಬಾಗಬೇಕಿತ್ತು, ಬಾಗಲು ಬೆನ್ನು ಕೇಳಲಿಲ್ಲ. ಸಾಹೇಬರು ಹೇಳಿದ್ದ ಫೋಟೋ ಎಲ್ಲಿಂದಲೋ ನೆನಪಾಯಿತು. ಪುಂಜಾ ಬಾಬಾನ ಜೋಡಿ ಗಟ್ಟಿಯಾಯಿತು ಎಂದು ಯಾರೋ ಕೂಗುತ್ತಿದ್ದಂತೆ ಅವಳು ಹೊರಬಂದು, ಆ ಚಪ್ಪಲಿ ರಾಶಿಯಲ್ಲಿ ತನ್ನ ಚಪ್ಪಲಿ ಹುಡುಕತೊಡಗಿದಳು.

ಬಾಬಾ ಹಿಂದೆಯೇ ಬಂದ. ಬೇವಿನ ಕೆಳಗೆ ಹೋಗಿ ಸೋನ್ಯಾನ ಬೆನ್ನು ಸವರುತ್ತಾ, ಅವಳ ಕಡೆ ನೋಡದೆ, ಮೆಲ್ಲಗೆ, "ಎರಡು ಟ್ರಾಲಿ ಕೆಂಪಿಂದ ಇತ್ತಲ್ಲ ತಾಯಿ" ಎಂದ.

ಅವಳ ಕೈಯ ಚಪ್ಪಲಿ ಕೈಯಲ್ಲೇ ಉಳಿಯಿತು.

"ಟ್ರಾಲಿ ಸುರೂದ್ರಾಗ ವಾಸನೀ ಬಡೀತು. ಎತ್ತಿಗೆ ಹಾಕಲಿಲ್ಲ. ಹೊಲದ ಬದುವಿಗೆ ಗುಂಡಿ ತೋಡಿ ಮುಚ್ಚೀನಿ. ಎರಡೂ ಟ್ರಾಲಿ ಹಂಗಽ ಅದಾವ ಅಲ್ಲಿ."

"ಮತ್ತ... ಮತ್ತ ಯಾಕ ಹೇಳಲಿಲ್ರಿ ಬಾಬಾ? ಮುಂಜಾನೆ ಒಂದ್ ಮಾತು ಅಂದಿದ್ರ!"

"ನಾ ಹೇಳಿದ್ರ ನಿನ್ನ ಮ್ಯಾಲ ಚಾಡಿ ಹೇಳಿದಂಗ ಆಗತಿತ್ತು. ನೀ ಏನ್ ಕಳಿಸಿದಿ ನೀನಽ ಹೇಳಿದ್ರ ಅದು ಬ್ಯಾರೆ. ತಪ್ಪಿ ಕಳಿಸಿದೆ ಅಂತಿದ್ದಿ, ನಾ ಎಲ್ಲಾರನ್ನೂ ಹೊಲಕ್ಕ ಕರಕೊಂಡ ಹೋಗಿ ಅಗದು ತೋರಸ್ತಿದ್ದೆ. ಗುದ್ದಲೀನೂ ತಂದಿದ್ದೆ." ಬೊಡ್ಡೆಯ ಕಡೆ ಕೈ ಮಾಡಿದ. "ಯಾರ ಮಾನಾನೂ ಹೋಗತಿರಲಿಲ್ಲ."

"ಈಗ ಹೇಳ್ತೀನ್ರಿ. ಈಗಿಂದೀಗ ಒಳಗ ಹೋಗಿ ಹೇಳ್ತೀನಿ."

"ಈಗ ಹೇಳಿದ್ರ?" ಬಾಬಾ ಮೊದಲ ಸಲ ಅವಳತ್ತ ತಿರುಗಿದ. ಸಿಟ್ಟಿರಲಿಲ್ಲ ಮುಖದಲ್ಲಿ, ದಣಿವಿತ್ತು. "ವೀಣೇ ಮುಟ್ಟಿ ಸುಳ್ಳಾಡಿದಾಕಿ ಅಂತ ನಿನ್ನ ಉಗಳ್ತಾರ. ಆ ಗುಂಡಿ ನಿನ್ನೆ ತೋಡಿದ್ದು ಅಂತ ನನ್ನ ಉಗಳ್ತಾರ. ಬಿಡು. ಅದನ್ನೀಗ ಮುಚ್ಚಿಟ್ಟಽ ಇರಬೇಕು."

ಮುಚ್ಚಿಟ್ಟು ಎಂಬ ಮಾತು ಅವನ ಬಾಯಿಗೆ ಹೊಂದಲಿಲ್ಲ. ಆಮೇಲೆ ಗುಡಿಯ ಮೆಟ್ಟಿಲೇರಿದ. ಅವಳು ಹೊಸ್ತಿಲ ಬಳಿ ನಿಂತು ಕೇಳಿಸಿಕೊಂಡಳು.

"ಮಾವುಲಿ, ಒಂದ್ ಮಾತ. ಸೋನ್ಯಾನ ಎಡಗಾಲ ಹಿಡದೈತ್ರಿ. ಮುಂಜಾನಿಂದ ಕುಂಟಾಕತ್ತಾನ. ಅಷ್ಟ ದೂರ ಗಾಡಿ ಎಳಿಯಂಗಿಲ್ಲ. ಈ ಸಲ ಸಂಪತಂದು ಆಗಲಿ."

"ಬಾಬಾ, ನಾಲ್ಕ ವರ್ಷ ಕಾದೀಯಲ್ಲೋ" ಎಂದರು ಮಹಾರಾಜರು. "ಇನ್ನ ಇಪ್ಪತ್ತ ದಿನ ಐತಿ, ಗುಣಾ ಆಗತೈತಿ."

"ಇಲ್ರಿ. ಗುಣಾ ಆಗೂ ಅಂಥಾದ್ದಲ್ಲದು."

ಅರವತ್ತೆಂಟು ವರ್ಷದಲ್ಲಿ ಅವನು ಸುಳ್ಳೇ ಆಡಿರಲಿಲ್ಲವೆಂದಲ್ಲ, ಯಾರು ಆಡಿರುವುದಿಲ್ಲ? ಆದರೆ ಇದನ್ನು ಆಡಿಸಿದವಳು ತಾನು. ಅವಳ ಸುಳ್ಳು ತಂದುಕೊಟ್ಟ ಮಾನವನ್ನು ಪಾದುಕೆಯ ಮುಂದೆ ನೊಗಕ್ಕೆ ಕಟ್ಟಲು ಅವನಿಂದಾಗಲಿಲ್ಲ. ಅವಳನ್ನು ಬಿಟ್ಟುಕೊಡಲೂ ಆಗಲಿಲ್ಲ. ಒಳಗೆ ನುಗ್ಗಿ ಕೂಗಬೇಕೆನಿಸಿತು. ಕಾಲು ಏಳಲಿಲ್ಲ. ತನ್ನಂಥವರ ಕಾಲು ಇಂಥ ಹೊತ್ತಿನಲ್ಲಿ ಏಳುವುದಿಲ್ಲ ಎಂಬುದು ಅವಳಿಗೆ ಮೊದಲೇ ಗೊತ್ತಿತ್ತು. ಬಾಬಾ ಹೊರಬಂದು ಹಗ್ಗ ಬಿಚ್ಚಿ, ಗುದ್ದಲಿ ಹೆಗಲಿಗೇರಿಸಿದ. ಜನ ನೋಡಲೆಂದು ಗುಡಿಯ ಕಟ್ಟೆಗೆ ಬಂದರು.

ಬಾಬಾ ಸೋನ್ಯಾನ ಮೂಗುದಾರವನ್ನು ಗಿಡ್ಡ ಹಿಡಿದು ಒಂದೇ ಬದಿಗೆ ಜಗ್ಗಿದ. ಎತ್ತು ನೋವಿಗೆ ಕತ್ತು ಕೊಂಕಿಸಿ, ಮುಂಗಾಲು ಹೇಗೋ ಎತ್ತಿ ಹೇಗೋ ಇಟ್ಟಿತು. "ಅಯ್ಯ, ಖರೇನಽ ಕುಂಟತೈತಲ್ಲೋ" ಎಂದ ಸಂಪತ, ಮರುಗಿಯೇ ಅಂದ. ಬಾರಕೋಲು ಕಾಣದ ಎತ್ತು ಅದು. ಬೀದಿಯುದ್ದಕ್ಕೂ ಬಾಬಾ ಹಗ್ಗ ಸಡಿಲಿಸಲಿಲ್ಲ, ತಲೆ ಎತ್ತಲೂ ಇಲ್ಲ. ವೃಷಾಲಿ ಸ್ಕೂಟರು ಮರೆತು ಬರಿಗಾಲಲ್ಲೇ ಹಿಂದೆ ಹಿಂದೆ ನಡೆದಳು. ಹಿಟ್ಟಿನ ಗಿರಣಿಯ ತಿರುವು ದಾಟಿ, ಗುಡಿ ಮರೆಯಾದ ಮೇಲೆ ಬಾಬಾ ನಿಂತು, ಹಗ್ಗ ಸಡಿಲಬಿಟ್ಟು, ಎತ್ತಿನ ಮೂಗಿನ ಮೇಲೆ ತನ್ನ ಕೆನ್ನೆ ಒತ್ತಿ ಏನೋ ಹೇಳಿದ. ಮತ್ತೆ ನಡೆದರು. ಸೋನ್ಯಾ ಕುಂಟಲಿಲ್ಲ.